ವಿಹಾರ ಒಡೆಯಿತೆಂಬ ಸುದ್ದಿ

ಹೋಟೆಲಿಗೆ ಬಂದ ಗಿರಾಕಿಯು ಏನು ಬೇಕೆಂದು ಹೇಳುವ ಮೊದಲೇ ಅವನ ಮುಂದೆ ಒಂದು ಲೋಟ ನೀರನ್ನಿಡುವುದು ನಮ್ಮವರ ಪದ್ಧತಿ. ಅದಕ್ಕೆ ಬಿಲ್ಲಿಲ್ಲ. ಪತ್ರಿಕೆಯ ಕೆಲಸಕ್ಕೆ ಬರುವ ಮುನ್ನ ಅನೇಕ ವರ್ಷ ಗಲ್ಲೆಯ ಮೇಲೆ ಕುಳಿತಿದ್ದ ನಾವು ಅಂತಹ ಎಷ್ಟು ಲಕ್ಷ ಲೋಟಗಳನ್ನು ಕಂಡಿರುವೆವೋ ಲೆಕ್ಕವಿಲ್ಲ. ಆದರೆ ಆ ನೀರು ಎಲ್ಲಿ ನಿಂತಿದೆ, ಅದನ್ನು ತಡೆದು ನಿಲ್ಲಿಸಿರುವುದು ಯಾವುದು ಎಂದು ಒಂದು ದಿನವಾದರೂ ಯೋಚಿಸಿದವರಲ್ಲ. ಯೋಚಿಸುವಂತೆ ಮಾಡಿದುದು 2005ರ ಜುಲೈ ತಿಂಗಳು.

ಆ ತಿಂಗಳ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನದಲ್ಲಿ 944 ಮಿಲ್ಲಿಮೀಟರ್ ಮಳೆ ಸುರಿದುದನ್ನೂ, ಮಿಠಿ ನದಿಯು ಉಕ್ಕಿ ಕುರ್ಲಾ, ಕಲೀನಾಗಳೊಳಗೆ ನುಗ್ಗಿದುದನ್ನೂ ವಾಚಕರಿಗೆ ಬೇರೆ ಹೇಳಬೇಕಾಗಿಲ್ಲ. ನಾವು ಆಗ ಕುರ್ಲಾದಲ್ಲಿ ಮಾವನವರ ಹೋಟೆಲಿನಲ್ಲಿದ್ದೆವು. ಅಕ್ಕಿ, ಉದ್ದು, ಸಕ್ಕರೆ ಎಲ್ಲವೂ ಹೋದವು. ರುಬ್ಬುವ ಯಂತ್ರದೊಳಗೆ ಕೆಸರು ಹೊಕ್ಕಿತ್ತು. ಹುಡುಗರೊಡನೆ ನಾವೂ ಪೊರಕೆ ಹಿಡಿದು ಎರಡು ದಿನ ತೊಳೆದೆವು. 28ರ ರಾತ್ರಿ ಬೀದಿಯಲ್ಲಿ ಕೂಗೆದ್ದಿತು: ವಿಹಾರ ಒಡೆಯಿತು, ನೀರು ಬರುತ್ತಿದೆ!

ನಾವು ವಿಚಾರಿಸಲಿಲ್ಲ. ಹುಡುಗರನ್ನು ಮಾಳಿಗೆ ಹತ್ತಿಸಿ, ಅಕ್ಕಪಕ್ಕದ ಅಂಗಡಿಗಳವರಿಗೂ ಎದುರಿನ ಚಾಳಿನವರಿಗೂ ಓಡಿಹೋಗಿ ಸುದ್ದಿ ಮುಟ್ಟಿಸಿದೆವು. ಕತ್ತಲೆಯಲ್ಲಿ ಗಾಬರಿಯಿಂದ ಮೆಟ್ಟಲೇರುತ್ತಿದ್ದ ವೃದ್ಧೆಯೊಬ್ಬರು ಜಾರಿ ಬಿದ್ದು ಕೈ ಮುರಿದುಕೊಂಡರು. ಆಕೆಗೆ ಸುದ್ದಿ ಹೇಳಿದ ಬಾಯಿ ನಮ್ಮದೇ. ನೀರು ಮಾತ್ರ ಬರಲಿಲ್ಲ. ಅದೇ ರಾತ್ರಿ ಜುಹೂ ಕಡೆಯ ನೆಹರೂ ನಗರದಲ್ಲಿ, ಕಟ್ಟೆ ಒಡೆಯಿತು, ಸಮುದ್ರ ಉಕ್ಕಿತು ಎಂಬ ಇಂತಹುದೇ ವದಂತಿಗೆ ನೂಕುನುಗ್ಗಲಾಗಿ ಹದಿನೈದಕ್ಕೂ ಹೆಚ್ಚು ಜನ ಕಾಲ್ತುಳಿತದಲ್ಲಿ ಮಡಿದರೆಂದು ಮರುದಿನ ತಿಳಿಯಿತು.

ನಮಗೆ ರಾತ್ರಿ ಶಾಲೆಯಲ್ಲಿ ಪಾಠ ಹೇಳಿದ್ದ ಮಾಸ್ತರರು ಚನ್ನಗಿರಿ ಕಡೆಯವರು. ನಡೆದುದನ್ನು ಕೇಳಿ, "ಅಲ್ಲಪ್ಪಾ, ಕೆರೆ ಒಡೆದಿದ್ದರೆ ಸುದ್ದಿಗಿಂತ ಮೊದಲು ನೀರೇ ಬರುತ್ತಿತ್ತಲ್ಲ! ಅದು ಒಡೆದದ್ದೋ, ಕೋಡಿ ಬಿದ್ದದ್ದೋ ಅಂತ ಕೇಳಿದೆಯಾ?" ಎಂದರು. ಕರಾವಳಿಯವರಾದ ನಮಗೆ ಕೋಡಿ ಎಂದರೇನೆಂದು ತಿಳಿಯದು. ಏರಿ, ತೂಬು, ಕೋಡಿ ಇವು ಕೆರೆಗಳ ನಾಡಿನವರ ಮಾತುಗಳು. ಮಾಸ್ತರರು ತಮ್ಮೂರ ಬಳಿಯ ಸೂಳೆಕೆರೆಯನ್ನು, ಅಂದರೆ ಶಾಂತಿಸಾಗರವನ್ನು, ದೃಷ್ಟಾಂತವಾಗಿಟ್ಟು ವಿವರಿಸಿದರು. ಎರಡು ಗುಡ್ಡಗಳ ನಡುವೆ ಹಾಕಿದ ಅದರ ಮಣ್ಣಿನ ಏರಿಯು ಶತಮಾನಗಳಿಂದ ನಿಂತಿದೆ.

ನಮ್ಮ ವಿಹಾರವೂ ಅದೇ ಜಾತಿಯದು. 1854ರಲ್ಲಿ ಮುಂಬಯಿಯ ಬಾವಿ, ಕೆರೆಗಳು ಬತ್ತಿ, ದೋಣಿಗಳಲ್ಲಿಯೂ ಅದರ ಹಿಂದಿನ ವರುಷವಷ್ಟೇ ಆರಂಭವಾಗಿದ್ದ ರೈಲಿನಲ್ಲಿಯೂ ಹೊರಗಿನಿಂದ ನೀರು ತರಿಸಬೇಕಾಯಿತು. ಹೆನ್ರಿ ಕಾನಿಬೇರ್ ಎಂಬ ಇಂಜಿನಿಯರರು ಸಾಲ್ಸೆಟ್ಟಿಯ ಗುಡ್ಡಗಳೊಳಗಿನ ಹೊಳೆಗೆ ಅಡ್ಡಕಟ್ಟುವ ಯೋಜನೆ ಮಾಡಿದರು. 1856ರಲ್ಲಿ ಕೆಲಸ ಮೊದಲಾಗಿ 1860ರಲ್ಲಿ ನಗರಕ್ಕೆ ಕೊಳವೆಯ ನೀರು ಬಂದಿತು. ಏರಿ ಒಂದಲ್ಲ, ಮೂರು. ಒಂದು ಹೊಳೆಗೆ ಅಡ್ಡ. ಮಿಕ್ಕೆರಡು ನೀರೇರಿದಾಗ ಬೇರೆ ಕಡೆಗೆ ಹರಿದುಹೋಗದಂತೆ ಗುಡ್ಡಸಾಲಿನ ತಗ್ಗುಗಳಿಗೆ ಹಾಕಿದವು. ಮುಖ್ಯ ಏರಿಯ ಎತ್ತರ ಸುಮಾರು 84 ಅಡಿ. ಅನಂತರ ಬಂದ ತುಳಸಿ, ತಾನಸಾಗಳಲ್ಲಿ ಕಲ್ಲಿನ ಕಟ್ಟಡವಿದೆ, ವಿಹಾರ ಮಣ್ಣು.

ಮಣ್ಣು ನೀರನ್ನು ತಡೆಯುವುದು ತನ್ನ ಭಾರದಿಂದ. ಆದುದರಿಂದಲೇ ಏರಿಯ ಬುಡ ಬಹಳ ಅಗಲ, ನೆತ್ತಿ ಕಿರಿದು. ನೀರಿನ ಕಡೆಯ ಇಳಿಜಾರಿಗೆ, ಅಲೆಗಳು ಕೊರೆಯದಂತೆ ಕಲ್ಲು ಹೊದಿಸುತ್ತಾರೆ. ಆ ಕಾಲದ ಆಂಗ್ಲ ಪದ್ಧತಿಯಂತೆ ಏರಿಯ ನಡುವೆ ಜೇಡಿಯನ್ನು ನಾದಿ ತುಳಿದು ಒಂದು ಗೋಡೆಯಂತೆ ತುಂಬಿ, ಅದನ್ನು ನೆಲದೊಳಗೆ ಗಟ್ಟಿ ಪದರದವರೆಗೆ ಇಳಿಸುತ್ತಿದ್ದರು. ಹೀಗಿದ್ದರೂ ನೀರು ಅಷ್ಟಿಷ್ಟು ಜಿನುಗಿಯೇ ಜಿನುಗುವುದು. ಜಿನುಗಿದ ನೀರು ತಿಳಿಯಾಗಿದ್ದರೆ ಹೆದರಬೇಕಾಗಿಲ್ಲ. ಕೆಂಪಾಗಿ ಕದಡಿ ಬಂದರೆ ಅದು ಒಳಗಿನ ಮಣ್ಣನ್ನು ಕೊಂಡು ಬರುತ್ತಿದೆ ಎಂದರ್ಥ. ಕೂದಲೆಳೆಯಷ್ಟಿದ್ದ ದಾರಿಯು ಬಿಲವಾಗಿ, ಬಿಲವು ಸುರಂಗವಾಗಿ ಏರಿಯು ಕುಸಿಯುತ್ತದೆ. ಆದ ಕಾರಣ ಮಣ್ಣಿನ ಏರಿಗೆ ಪ್ರತಿ ಮಳೆಗಾಲದಲ್ಲಿಯೂ ನಡೆದು ನೋಡುವ ಮನುಷ್ಯ ಬೇಕು, ಬೇರಿಳಿಸುವ ಗಿಡಮರಗಳನ್ನು ಸವರುವ ಕತ್ತಿ ಬೇಕು.

2019ರ ಜುಲೈ 2ರ ರಾತ್ರಿ, ನಾವು ಊರಿಗೆ ಹೋಗುವ ದಾರಿಯ ಚಿಪಳೂಣ ತಾಲೂಕಿನಲ್ಲಿ ತಿವರೆಯ ಮಣ್ಣಿನ ಕಟ್ಟೆ ಒಡೆದು ಇಪ್ಪತ್ತರಷ್ಟು ಜನ ಕೊಚ್ಚಿಹೋದರು. ಅಂದಿನ ಸಚಿವರು, ಏಡಿಗಳು ಕೊರೆದುದರಿಂದ ಹೀಗಾಯಿತೆಂದರು. ಮಹಾರಾಷ್ಟ್ರವೆಲ್ಲ ನಕ್ಕಿತು, ಪ್ರತಿಭಟನೆಗೆ ಏಡಿಗಳನ್ನೇ ತಂದು ಸುರಿದರು. ನಾವು ನಗಲಾರದೆ ಹೋದೆವು. ಊರಿನಲ್ಲಿ ನಮ್ಮ ತಂದೆಯವರು ಮಳೆಗಾಲದ ಬೆಳಗ್ಗೆ ಗದ್ದೆಯ ಕಟ್ಟಪುಣಿಯ ಮೇಲೆ ನಡೆದು ಏಡಿಬಿಲಗಳನ್ನು ಹುಡುಕಿ, ಕೆಸರು ಮೆತ್ತಿ ಹಿಮ್ಮಡಿಯಿಂದ ತುಳಿಯುತ್ತಿದ್ದುದನ್ನು ಕಂಡವರು ನಾವು. ಏಡಿಯು ಕೊರೆಯುತ್ತದೆ, ನಿಜ. ಆದರೆ ತುಳಿಯಬೇಕಾದವರು ಎಲ್ಲಿದ್ದರು? ಸೋರುತ್ತಿದೆಯೆಂದು ಹಳ್ಳಿಯವರು ಮೊದಲೇ ದೂರಿದ್ದರಂತೆ. ಏಡಿಯ ಮೇಲೆ ಹೊರಿಸಿದ ತಪ್ಪು ಏಡಿಯದಲ್ಲ.

ಮಣ್ಣಿನ ಏರಿಯ ಇನ್ನೊಂದು ಶತ್ರುವೆಂದರೆ ನೆತ್ತಿಯ ಮೇಲಿನಿಂದ ಹರಿಯುವ ನೀರು. ಕಲ್ಲಿನ ಕಟ್ಟಡವು ಅದನ್ನು ಒಂದಿಷ್ಟು ಹೊತ್ತು ಸಹಿಸೀತು, ಮಣ್ಣು ಸಹಿಸದು. 1961ರ ಜುಲೈ 12ರಂದು ಪುಣೆಯ ಮೇಲಣ ಪಾನಶೇತದಲ್ಲಿ, ಕೆಲಸ ಮುಗಿಯದಿದ್ದ ಮಣ್ಣಿನ ಏರಿ ಕುಸಿಯತೊಡಗಿದಾಗ ಸೈನಿಕರು ಮರಳಿನ ಚೀಲಗಳನ್ನು ಒಟ್ಟಿದರೂ ಉಳಿಸಲಾಗಲಿಲ್ಲ. ಅರ್ಧ ಪುಣೆ ಮುಳುಗಿತು. ಇಂತಹುದು ಆಗದಿರಲೆಂದೇ ಕೋಡಿ ಇರುವುದು. ಏರಿಗಿಂತ ತಗ್ಗಿನಲ್ಲಿ, ಗಟ್ಟಿ ನೆಲದಲ್ಲಿ ಬಿಟ್ಟ ದಾರಿಯದು. ಕೆರೆ ತುಂಬಿದ ಮೇಲೆ ಹೆಚ್ಚಿನ ನೀರು ಅಲ್ಲಿಂದ ಹೊರಬೀಳುತ್ತದೆ. 2005ರಲ್ಲಿ ವಿಹಾರವು ಮಾಡಿದುದೂ ಅದನ್ನೇ. ಏರಿಗಳು ನಿಂತವು, ಕೋಡಿ ಹರಿಯಿತು.

ಆದರೆ ವಿಹಾರದ ಕೋಡಿಯ ನೀರು ಸೇರುವುದು ಮಿಠಿ ನದಿಯನ್ನೇ. ಕಾನಿಬೇರರ ಕಾಲದಲ್ಲಿ ಆ ನದಿಯ ದಂಡೆ ಗದ್ದೆಬಯಲು. ಇಂದು ಪವಯಿಯಿಂದ ಮಾಹಿಮ್‌ವರೆಗೆ ಮನೆಗಳು, ಕಾರಖಾನೆಗಳು, ನಮ್ಮವರ ಹೋಟೆಲುಗಳು. ಸಮುದ್ರದ ಭರತದ ಸಮಯಕ್ಕೆ ಕೋಡಿಯೂ ಮಳೆಯೂ ಕೂಡಿದರೆ ನೀರಿಗೆ ಹೋಗಲು ಎಡೆಯಿಲ್ಲ. ಇಂದು ಮುಂಬಯಿಗೆ ನೀರೂಡುವ ಏಳು ಜಲಾಶಯಗಳಲ್ಲಿ ವಿಹಾರದ್ದು ಚಿಕ್ಕ ಪಾಲು. ತುಂಬಿದಾಗ ಅದರಲ್ಲಿರುವ 2,769 ಕೋಟಿ ಲೀಟರ್ ಇಡೀ ನಗರಕ್ಕೆ ಒಂದು ವಾರಕ್ಕೆ ಸಾಕಾದೀತು, ಅಷ್ಟೇ. ದೊಡ್ಡ ನೀರೆಲ್ಲ ದೂರದ ಭಾತ್ಸಾ, ವೈತರಣಾಗಳದು. ಆದರೆ ಇದು ನಗರದ ನೆತ್ತಿಯ ಮೇಲೆ ನಿಂತ ಮಣ್ಣು.

2025ರ ಆಗಸ್ಟ್ 18ರ ಮಧ್ಯಾಹ್ನ ವಿಹಾರ ತುಂಬಿ ಹರಿಯಿತು. ಸಂಜೆ ನಮ್ಮ ಕಚೇರಿಗೆ ಕುರ್ಲಾದಿಂದ ಮಹಿಳೆಯೊಬ್ಬರ ಫೋನು ಬಂತು.

"ಅಣ್ಣಾ, ವಿಹಾರ ಒಡೆಯಿತಂತೆ, ಹೌದೇ?"

"ಒಡೆದಿಲ್ಲ ತಂಗಿ, ಕೋಡಿ ಬಿದ್ದಿದೆ. ಯಾರಿಗೂ ಒಡೆಯಿತೆಂದು ಹೇಳಬೇಡಿ," ಎಂದೆವು. ಕೋಡಿಯೆಂದರೇನೆಂದು ಆಕೆಗೂ ತಿಳಿಯದು. ಮಾಸ್ತರರು ನಮಗೆ ಹೇಳಿದಂತೆ ಹೇಳಿದೆವು. ಮನೆ ಎಲ್ಲಿ ಎಂದು ಕೇಳಿದಾಗ, ಮಿಠಿಯ ದಂಡೆಯಲ್ಲಿ, ಕ್ರಾಂತಿನಗರದ ಹತ್ತಿರ ಎಂದರು. ಹಾಗಾದರೆ ಮಕ್ಕಳನ್ನು ಘಾಟಕೋಪರದ ಅಕ್ಕನ ಮನೆಗೆ ಕಳುಹಿಸುವುದು ಬೇಡವೇ ಎಂದು ಕೇಳಿದರು.

"ಕಳುಹಿಸಿ. ನೀವೂ ಹೋಗಿ. ಅವಸರವಿಲ್ಲ, ಊಟ ಮುಗಿಸಿಕೊಂಡು ಬೆಳಕಿರುವಾಗಲೇ ಹೊರಡಿ," ಎಂದೆವು.

ಮರುದಿನ ಮಿಠಿಯ ನೀರು ಅಪಾಯದ ಮಟ್ಟಕ್ಕೇರಿ ಕ್ರಾಂತಿನಗರದ ನೂರಾರು ಜನರನ್ನು ಸ್ಥಳಾಂತರಿಸಬೇಕಾಯಿತು. ಏರಿಗೆ ಏನೂ ಆಗಿರಲಿಲ್ಲ.