ಹಳೆಯ ಕಾರಿಗೆ ಯಾವ ಉರಿ?

ಖಾನಾಪುರದ ಕುಂಬಾರರಿಗೆ ಬೆಂಕಿಯ ಗುಣ ಗೊತ್ತು. ಉರಿ ಕಡಿಮೆಯಾದರೆ ಹೆಂಚು ಹಸಿಯಾಗಿ ಉಳಿಯುತ್ತದೆ, ಹೆಚ್ಚಾದರೆ ಸೊಟ್ಟಗಾಗುತ್ತದೆ. ಆವಿಗೆಗೆ ಎಷ್ಟು ಗಾಳಿ ಬಿಡಬೇಕೆಂಬುದರ ಮೇಲೆ ಮಣ್ಣಿನ ಬಣ್ಣವೂ ನಿಂತಿದೆ. ಅದೇ ಖಾನಾಪುರ ರಸ್ತೆಯಲ್ಲಿರುವ ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲಿ ದುಡಿಯುವವರಿಗೂ ಈ ಮಾತು ಹೊಸದಲ್ಲ. ಆದರೆ ಮಹಾಂತೇಶ ನಗರದಂಥ ಬಡಾವಣೆಯಲ್ಲಿ, ಮನೆ ಪಕ್ಕದ ಶೆಡ್ಡಿನಲ್ಲಿ, ತಂದೆಯ ಕಾಲದ ಫಿಯೆಟ್ಟನ್ನೋ ಅಂಬಾಸಡರನ್ನೋ ಮತ್ತೆ ರಸ್ತೆಗಿಳಿಸಲು ಹೊರಟ ಹವ್ಯಾಸಿಗೆ ಇದು ಹೊಸ ಪ್ರಶ್ನೆ: ತಗಡು ಬೆಸೆಯಲು ಯಾವ ಗ್ಯಾಸು?

ಪ್ರಶ್ನೆ ಹುಟ್ಟುವುದು ಮಳೆಯಿಂದ. ಸಹ್ಯಾದ್ರಿಯ ಅಂಚಿನ ಈ ಸೀಮೆಯಲ್ಲಿ ನಾಲ್ಕು ತಿಂಗಳ ತೇವ ಕಾರಿನ ತಳವನ್ನು ತಿನ್ನುತ್ತದೆ. ಬಾಗಿಲ ಕೆಳಗಿನ ಪಟ್ಟಿ, ಮಡ್‌ಗಾರ್ಡು, ಡಿಕ್ಕಿಯ ತಳ ಮೊದಲು ತೂತಾಗುವ ಜಾಗಗಳು. 1957ರಲ್ಲಿ ಬಂದ ಅಂಬಾಸಡರಿನ ತಯಾರಿಕೆ 2014ರಲ್ಲಿ ನಿಂತಿತು. ಪ್ರೀಮಿಯರ್ ಪದ್ಮಿನಿ ಅದಕ್ಕೂ ಬಹಳ ಮೊದಲೇ ನಿಂತಿತ್ತು. ಹೊಸ ಬಿಡಿಭಾಗ ಸಿಗದಿದ್ದರೆ ತುಕ್ಕು ಹಿಡಿದಷ್ಟನ್ನು ಕತ್ತರಿಸಿ ಹೊಸ ತಗಡು ಬೆಸೆಯಬೇಕು. ಐವತ್ತು ವರ್ಷ ದಾಟಿದ ಕಾರುಗಳನ್ನು ವಿಂಟೇಜ್ ಎಂದು ನೋಂದಾಯಿಸಲು ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮವೂ ವಾಹನ ಮೂಲರೂಪದಲ್ಲಿರಬೇಕು, ಚಾಸಿ, ಮೈಕಟ್ಟು, ಎಂಜಿನ್ ಬದಲಾಗಿರಬಾರದು ಎನ್ನುತ್ತದೆ. ಆದ್ದರಿಂದ ಬೆಸುಗೆ ಕೆಟ್ಟರೆ ಹೋಗುವುದು ತಗಡೊಂದೇ ಅಲ್ಲ.

ಗ್ಯಾಸ್ ವೆಲ್ಡಿಂಗ್ ಎಂದರೆ ಬಹುಮಟ್ಟಿಗೆ ಅಸಿಟಿಲೀನ್ ಎಂದೇ ಅರ್ಥ. ಈ ಅನಿಲವನ್ನು 1836ರಲ್ಲಿ ಕಂಡವನು ಎಡ್ಮಂಡ್ ಡೇವಿ. ಕ್ಯಾಲ್ಸಿಯಂ ಕಾರ್ಬೈಡಿಗೆ ನೀರು ತಾಗಿಸಿದರೆ ಅದು ಹೊರಬರುತ್ತದೆಂದು 1862ರಲ್ಲಿ ವೋಲರ್ ತೋರಿಸಿದ. 1892ರಲ್ಲಿ ಥಾಮಸ್ ವಿಲ್ಸನ್ ವಿದ್ಯುತ್ ಕುಲುಮೆಯಲ್ಲಿ ಕಾರ್ಬೈಡ್ ತಯಾರಿಸಿದ ಮೇಲೆ ಅದು ಅಗ್ಗವಾಯಿತು. ಜಾತ್ರೆಯ ಅಂಗಡಿಗಳಲ್ಲಿ ಉರಿಯುತ್ತಿದ್ದ ಕಾರ್ಬೈಡ್ ದೀಪ, ಸೈಕಲ್ಲಿನ ದೀಪ, ಫೋರ್ಡ್ ಮಾಡೆಲ್ ಟಿ ಕಾರಿನ ಮೊದಲ ಹೆಡ್‌ಲೈಟು, ಎಲ್ಲವೂ ಇದೇ ಅನಿಲದವು. ಆಕ್ಸಿಜನ್ ಜತೆ ಸೇರಿದರೆ ಅದರ ಜ್ವಾಲೆ ಅಸಾಧಾರಣ ಬಿಸಿ ಎಂದು 1895ರಲ್ಲಿ ಫ್ರಾನ್ಸಿನ ಲ ಶಾತೆಲಿಯೆ ಕಂಡುಕೊಂಡ. 1903ರ ಸುಮಾರಿಗೆ ಅಲ್ಲಿಯೇ ವೆಲ್ಡಿಂಗ್ ಟಾರ್ಚು ಸಿದ್ಧವಾಯಿತು.

ಈಗ ಮುಖ್ಯ ವಿಷಯಕ್ಕೆ ಬರೋಣ. ಅಸಿಟಿಲೀನ್ ಜ್ವಾಲೆಯ ಉಷ್ಣತೆ ಸುಮಾರು 3100 ಡಿಗ್ರಿ ಸೆಲ್ಸಿಯಸ್; ಆಕ್ಸಿಜನ್ ಬೆರೆತ ಪ್ರೊಪೇನಿನದು ಸುಮಾರು 2800. ಉಕ್ಕು ಕರಗುವುದು 1500ರ ಆಸುಪಾಸಿನಲ್ಲಿ. ಹಾಗಾದರೆ ಅಗ್ಗವಾದ, ಎಲ್ಲೆಡೆ ಸಿಗುವ ಎಲ್‌ಪಿಜಿಯೇ ಸಾಲದೆ ಎಂದು ಯಾರಾದರೂ ಕೇಳಬಹುದು. ಸಾಲದು. ಅದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು, ಬಿಸಿ ಎಲ್ಲಿದೆ ಎಂಬುದು. ಅಸಿಟಿಲೀನ್ ತನ್ನ ಬಿಸಿಯ ದೊಡ್ಡ ಪಾಲನ್ನು ಜ್ವಾಲೆಯ ಒಳಗಿನ ಚಿಕ್ಕ ಬಿಳಿ ಮೊನೆಯಲ್ಲೇ ಕೊಡುತ್ತದೆ. ಪ್ರೊಪೇನ್ ಅದನ್ನು ಹೊರಗಿನ ಅಗಲವಾದ ಜ್ವಾಲೆಯಲ್ಲಿ ಚೆಲ್ಲುತ್ತದೆ. ಸುಮಾರು ಒಂದು ಮಿಲಿಮೀಟರ್ ದಪ್ಪದ ತಗಡು ಬೇಕಾದಲ್ಲಿ ಕರಗುವ ಮೊದಲೇ ಸುತ್ತಲೂ ಕಾದು ಸುಕ್ಕಾಗುತ್ತದೆ. ಎರಡನೆಯದು, ಜ್ವಾಲೆಯ ಸ್ವಭಾವ. ಸಮನಾದ ಅಸಿಟಿಲೀನ್ ಜ್ವಾಲೆಯ ಮೊನೆಯಲ್ಲಿ ಇಂಗಾಲದ ಮಾನಾಕ್ಸೈಡ್ ಮತ್ತು ಜಲಜನಕ ಹುಟ್ಟಿ, ಕರಗಿದ ಲೋಹಕ್ಕೆ ಗಾಳಿಯ ಆಮ್ಲಜನಕ ತಾಗದಂತೆ ಕಾಯುತ್ತವೆ. ಪ್ರೊಪೇನಿನ ಜ್ವಾಲೆಯಲ್ಲಿ ಈ ಕಾವಲು ಇಲ್ಲ. ಅಲ್ಲಿ ಉಕ್ಕು ಸುಟ್ಟು ಬೆಸುಗೆ ಪೆಡಸಾಗುತ್ತದೆ. ಆಕ್ಸಿಜನ್ ಖರ್ಚೂ ಹೆಚ್ಚು: ಒಂದು ಪಾಲು ಅಸಿಟಿಲೀನಿಗೆ ಸಿಲಿಂಡರಿನಿಂದ ಒಂದು ಪಾಲಿಗಿಂತ ತುಸು ಹೆಚ್ಚು ಸಾಕು, ಪ್ರೊಪೇನಿಗೆ ಸುಮಾರು ನಾಲ್ಕು ಪಾಲು ಬೇಕು. ಗ್ಯಾಸ್ ಅಗ್ಗವೆಂದು ಹೊರಟವರಿಗೆ ಆಕ್ಸಿಜನ್ ದುಬಾರಿಯಾಗುತ್ತದೆ.

ಹಾಗೆಂದು ಎಲ್‌ಪಿಜಿ ನಿಷ್ಪ್ರಯೋಜಕವಲ್ಲ. ತುಕ್ಕು ಹಿಡಿದ ಬೋಲ್ಟನ್ನು ಕಾಸಲು, ದಪ್ಪ ಕಬ್ಬಿಣ ಕತ್ತರಿಸಲು, ಹಿತ್ತಾಳೆ ಬೆಸುಗೆ ಅಂದರೆ ಬ್ರೇಜಿಂಗಿಗೆ ಅದು ಒದಗುತ್ತದೆ. ಆದರೆ ಭಾರ ಹೊರುವ ಭಾಗಕ್ಕೆ ಬ್ರೇಜಿಂಗ್ ಸಲ್ಲದು. ಅಡುಗೆಗೆಂದು ಕೊಟ್ಟ 14.2 ಕಿಲೋ ಸಿಲಿಂಡರನ್ನು ಇಂಥ ಕೆಲಸಕ್ಕೆ ಬಳಸುವುದು 2000ದ ಎಲ್‌ಪಿಜಿ ಆದೇಶಕ್ಕೆ ವಿರುದ್ಧ. ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ನೆಲದಲ್ಲಿ, ಚರಂಡಿಯಲ್ಲಿ, ಕಾರಿನ ಕೆಳಗಿನ ಗುಂಡಿಯಲ್ಲಿ ನಿಲ್ಲುತ್ತದೆ.

ಅಸಿಟಿಲೀನ್ ಗಾಳಿಗಿಂತ ಹಗುರ. ಆದರೆ ಅದರ ಸಿಟ್ಟು ಬೇರೆ. ಒತ್ತಡ ಹೆಚ್ಚಾದರೆ ಗಾಳಿಯ ನೆರವಿಲ್ಲದೆಯೂ ತಾನೇ ಒಡೆದು ಸಿಡಿಯುತ್ತದೆ. ಅದಕ್ಕೇ ಅದರ ಸಿಲಿಂಡರು ಟೊಳ್ಳಲ್ಲ. ಒಳಗೆ ಸಣ್ಣ ರಂಧ್ರಗಳ ಪದಾರ್ಥ ತುಂಬಿ, ಅಸಿಟೋನ್ ಹೀರಿಸಿ, ಅದರಲ್ಲಿ ಅನಿಲವನ್ನು ಕರಗಿಸಿಟ್ಟಿರುತ್ತಾರೆ. ಈ ವಿದ್ಯೆಯನ್ನು ಬೆಳೆಸಿದವರಲ್ಲಿ ಒಬ್ಬನಾದ ಸ್ವೀಡನ್ನಿನ ಗುಸ್ತಾಫ್ ಡಾಲೆನ್ 1912ರಲ್ಲಿ ಅಸಿಟಿಲೀನ್ ಸ್ಫೋಟದಿಂದ ಕಣ್ಣು ಕಳೆದುಕೊಂಡ. ಅದೇ ವರ್ಷ ಅವನಿಗೆ ನೊಬೆಲ್ ಬಹುಮಾನ ಬಂತು. ಆದ್ದರಿಂದ ಮೆರೂನ್ ಬಣ್ಣದ ಈ ಸಿಲಿಂಡರನ್ನು ಮಲಗಿಸಿ ಬಳಸಬಾರದು. ಮಲಗಿಸಿ ತಂದಿದ್ದರೆ ಕೆಲವು ಗಂಟೆ ನಿಲ್ಲಿಸಿಟ್ಟ ಮೇಲೆಯೇ ತೆರೆಯಬೇಕು. ಟಾರ್ಚಿನ ಕಡೆಗೆ ಒತ್ತಡ ಒಂದು ಕಿಲೋ ಮೀರಬಾರದು. ತಾಮ್ರದ ಕೊಳವೆ ಜೋಡಿಸಬಾರದು. ಉರಿ ಹಿಂದಕ್ಕೆ ನುಗ್ಗದಂತೆ ತಡೆಯುವ ಫ್ಲ್ಯಾಶ್‌ಬ್ಯಾಕ್ ಅರೆಸ್ಟರ್ ಎರಡೂ ಸಾಲಿಗೆ ಇರಲೇಬೇಕು. ಆಕ್ಸಿಜನ್ ವಾಲ್ವಿಗೆ ಎಣ್ಣೆ, ಗ್ರೀಸು ತಾಗಬಾರದು.

ಡ್ರಮ್ಮಿನಲ್ಲಿ ಕಾರ್ಬೈಡಿಗೆ ನೀರು ಹಾಕಿ ಗ್ಯಾಸ್ ಮಾಡುವ ಹಳೆಯ ಪದ್ಧತಿ ಮನೆಯಲ್ಲಂತೂ ಬೇಡ. ಪೆಟ್ರೋಲ್ ಟ್ಯಾಂಕನ್ನು ಬಿಚ್ಚಿ ದೂರವಿಟ್ಟೇ ಕೆಲಸ ಶುರುಮಾಡಬೇಕು. ಖಾಲಿ ಟ್ಯಾಂಕಿನಲ್ಲಿ ಉಳಿದ ಆವಿ ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ.

ಇಂದು ಅನೇಕ ಗ್ಯಾರೇಜುಗಳಲ್ಲಿ ತೆಳು ತಗಡಿಗೆ ಸಿಒಟು ವೆಲ್ಡಿಂಗ್ ಬಂದಿದೆ. ಅಲ್ಲಿ ಅನಿಲ ಉರಿಯುವುದಿಲ್ಲ, ವಿದ್ಯುತ್ ಕಿಡಿ ಕರಗಿಸಿದ ಲೋಹವನ್ನು ಕಾಯುತ್ತದೆ, ಅಷ್ಟೆ. ಅದು ಬೇಗ, ತಗಡೂ ಕಡಿಮೆ ಸೊಟ್ಟಾಗುತ್ತದೆ. ಆದರೆ ಅಸಿಟಿಲೀನ್ ಬೆಸುಗೆ ಮೆದು. ಸುತ್ತಿಗೆಯಿಂದ ಬಡಿದು ಮೂಲದ ಬಾಗಿಗೆ ತರಬಹುದು. ಹಳೆಯ ಟಿಂಕರಿಂಗ್ ಕೆಲಸಗಾರರು ಅದನ್ನು ಬಿಡದಿರುವುದಕ್ಕೆ ಇದೇ ಕಾರಣ. ಕೈ ಪಳಗುವವರೆಗೆ ಹವ್ಯಾಸಿ ಬೇಡದ ತಗಡಿನ ಮೇಲೆ ಕಲಿಯುವುದು ಒಳ್ಳೆಯದು. ಅಕ್ಕಪಕ್ಕ ಮನೆಗಳಿರುವಲ್ಲಿ ಎರಡು ಸಿಲಿಂಡರು ಇಟ್ಟುಕೊಳ್ಳುವ ಬದಲು, ಬಿಚ್ಚಬಹುದಾದ ಬಾಗಿಲು, ಮಡ್‌ಗಾರ್ಡುಗಳನ್ನು ಉದ್ಯಮಬಾಗದ ಕಡೆಯ ಅನುಭವಿ ಕೈಗೆ ಒಪ್ಪಿಸಿದರೆ ಕಾರೂ ಉಳಿಯುತ್ತದೆ, ನೆರೆಯವರ ನಿದ್ದೆಯೂ ಉಳಿಯುತ್ತದೆ.