ಸರ್ವಜ್ಞನ ಊರು ಯಾವುದು? ಗೂಗಲ್‌ಗೆ ಹೇಳಬೇಕಾದವರು ನಾವು

ಸರ್ವಜ್ಞ ಹುಟ್ಟಿದ್ದೆಲ್ಲಿ? ಹಿರೇಕೆರೂರು ಸೀಮೆಯಲ್ಲಿ ಈ ಪ್ರಶ್ನೆಗೆ ಒಂದೇ ಉತ್ತರ ಸಿಗುವುದಿಲ್ಲ. ತಂದೆ ಮಾಸೂರಿನ ಬಸವರಸ, ತಾಯಿ ಅಬಲೂರಿನ ಕುಂಬಾರ ಮನೆತನದ ಮಾಳಿ ಎಂದು ಪರಂಪರೆ ಹೇಳುತ್ತ ಬಂದಿದೆ. ಹೀಗಾಗಿ ಎರಡೂ ಊರಿನವರು ಅವನನ್ನು ತಮ್ಮವನೆನ್ನುತ್ತಾರೆ. ಅವನ ಕಾಲದ ಬಗ್ಗೆಯೂ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಕೆಲವರು 16ನೇ ಶತಮಾನ ಎಂದರೆ ಇನ್ನು ಕೆಲವರು 17 ಎನ್ನುತ್ತಾರೆ.

ಈಗ ಹೈಸ್ಕೂಲು ಮಕ್ಕಳು ಇದೇ ಪ್ರಶ್ನೆಯನ್ನು ಮೊಬೈಲಿಗೆ ಕೇಳುತ್ತಾರೆ. ಹಿಂದೆ ಸರ್ಚ್ ಎಂಜಿನ್ ಆ ಪದಗಳಿರುವ ಪುಟಗಳ ಪಟ್ಟಿ ಕೊಟ್ಟು ಸುಮ್ಮನಾಗುತ್ತಿತ್ತು. ನಾಲ್ಕು ಪುಟ ಓದಿ ತೀರ್ಮಾನಿಸುವ ಕೆಲಸ ನಮ್ಮ ಪಾಲಿಗಿತ್ತು. ಈಗ ಎಷ್ಟೋ ಪ್ರಶ್ನೆಗಳಿಗೆ ಪಟ್ಟಿಯ ತಲೆಯ ಮೇಲೇ ಚೌಕಟ್ಟು ಹಾಕಿದ ಉತ್ತರವೊಂದು ಕೂತಿರುತ್ತದೆ. ಬಹಳಷ್ಟು ಜನ ಅಲ್ಲಿಂದ ಕೆಳಗಿಳಿಯುವುದೇ ಇಲ್ಲ.

ಹಂತ ಹಂತವಾಗಿ ಬಂದ ಬದಲಾವಣೆ

2001ರಲ್ಲಿ ವೆಬ್‌ನ ಜನಕ ಟಿಮ್ ಬರ್ನರ್ಸ್-ಲೀ ಮತ್ತು ಸಂಗಡಿಗರು ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ‘ಸೆಮ್ಯಾಂಟಿಕ್ ವೆಬ್’ನ ಕನಸನ್ನು ಮುಂದಿಟ್ಟರು. ಪುಟದಲ್ಲಿರುವುದು ಬರೀ ಅಕ್ಷರವಲ್ಲ, ಇದು ವ್ಯಕ್ತಿಯ ಹೆಸರು, ಇದು ಊರು, ಇದು ಇಸವಿ ಎಂದು ಯಂತ್ರಕ್ಕೂ ತಿಳಿಯಬೇಕು ಎಂಬುದು ಅದರ ತಿರುಳು. ಸರ್ಚ್ ಕಂಪನಿಗಳು ಅದನ್ನು ಒಮ್ಮೆಲೇ ಜಾರಿಗೆ ತರಲಿಲ್ಲ. 2008ರಲ್ಲಿ ಯಾಹೂ, ಮರುವರ್ಷ ಗೂಗಲ್ ಫಲಿತಾಂಶದ ಜೊತೆಗೇ ಬೆಲೆ, ವಿಮರ್ಶೆಯಂಥ ವಿವರಗಳನ್ನು ತೋರಿಸತೊಡಗಿದವು. 2011ರ ಜೂನ್‌ನಲ್ಲಿ ಗೂಗಲ್, ಬಿಂಗ್, ಯಾಹೂ ಮೂರೂ ಸೇರಿ, ಪುಟಗಳಿಗೆ ಇಂಥ ಗುರುತು ಹಚ್ಚಲು ‘ಸ್ಕೀಮಾ.ಆರ್ಗ್’ ಎಂಬ ಸಾಮಾನ್ಯ ಪದಪಟ್ಟಿ ರೂಪಿಸಿದವು. 2012ರ ಮೇ ತಿಂಗಳಲ್ಲಿ ಗೂಗಲ್‌ನ ‘ನಾಲೆಡ್ಜ್ ಗ್ರಾಫ್’ ಬಂತು. ವ್ಯಕ್ತಿ, ಊರು, ಪುಸ್ತಕಗಳನ್ನು ಒಂದಕ್ಕೊಂದು ಜೋಡಿಸಿದ ಈ ದೊಡ್ಡ ಜಾಲವೇ ಪರದೆಯ ಪಕ್ಕದ ಮಾಹಿತಿ ಫಲಕಕ್ಕೆ ಆಧಾರ.

ಪ್ರಶ್ನೆಯ ಇಡೀ ವಾಕ್ಯವನ್ನು ಗ್ರಹಿಸಲು ನೆರವಾಗುವ ‘ಬರ್ಟ್’ ತಂತ್ರವನ್ನು ಗೂಗಲ್ 2019ರ ಅಕ್ಟೋಬರ್‌ನಲ್ಲಿ ಮೊದಲು ಇಂಗ್ಲಿಷಿಗೆ ಅಳವಡಿಸಿತು. ಅದೇ ಡಿಸೆಂಬರ್‌ನಲ್ಲಿ ಎಪ್ಪತ್ತಕ್ಕೂ ಹೆಚ್ಚು ಭಾಷೆಗಳಿಗೆ ವಿಸ್ತರಿಸಿತು, ಅವುಗಳಲ್ಲಿ ಕನ್ನಡವೂ ಇತ್ತು. ನಮಗಿದು ಸಣ್ಣ ಸಂಗತಿಯಲ್ಲ. ಅಬಲೂರಿಗೆ, ಅಬಲೂರಿನಲ್ಲಿ, ಅಬಲೂರಿನವನು, ಅಬಲೂರಿಂದ ಎನ್ನುವಾಗ ನಾವು ಹೇಳುತ್ತಿರುವುದು ಒಂದೇ ಊರಿನ ಮಾತು. ಅಕ್ಷರಕ್ಕೆ ಅಕ್ಷರ ತಾಳೆ ನೋಡುವ ಯಂತ್ರಕ್ಕೆ ಮಾತ್ರ ಇವು ನಾಲ್ಕು ಬೇರೆ ಪದಗಳು. ಪ್ರತ್ಯಯಗಳ ಮೇಲೆ ನಿಂತ ಕನ್ನಡದಂಥ ಭಾಷೆಗೆ ಅರ್ಥ ಹಿಡಿಯುವ ಹುಡುಕಾಟ ಇಂಗ್ಲಿಷಿಗಿಂತಲೂ ಹೆಚ್ಚು ಅಗತ್ಯ.

ಒಂದೇ ಊರು, ಹಲವು ಕಾಗುಣಿತ

ಅಬಲೂರಿನ ಶಾಸನಗಳನ್ನು ಜೆ.ಎಫ್. ಫ್ಲೀಟ್ ‘ಎಪಿಗ್ರಾಫಿಯಾ ಇಂಡಿಕಾ’ದ 5ನೇ ಸಂಪುಟದಲ್ಲಿ ಪ್ರಕಟಿಸಿದರು. ಶಿವಶರಣ ಏಕಾಂತದ ರಾಮಯ್ಯ ಜೈನರೊಡನೆ ಪಣ ಕಟ್ಟಿ ತಲೆ ಅರಿದುಕೊಂಡು ಶಿವನಿಗೆ ಅರ್ಪಿಸಿ, ಮತ್ತೆ ಪಡೆದನೆಂದೂ ದೊರೆ ಬಿಜ್ಜಳ ಜಯಪತ್ರ ಕೊಟ್ಟನೆಂದೂ ಹೇಳುವ ಹೆಸರಾಂತ ಶಾಸನ ಈ ಊರಿನದೇ. ಅದೇ ಪ್ರಸಂಗವನ್ನು ಕವಿ ಹರಿಹರ ರಗಳೆಯಲ್ಲಿ ಹಾಡಿದ್ದಾನೆ. ಶಾಸನದಲ್ಲಿ ಈ ಊರು ಅಬ್ಬಲೂರು, ಫ್ಲೀಟರ ಇಂಗ್ಲಿಷಿನಲ್ಲಿ ಅಬ್ಲೂರ್, ಇಂದಿನ ರೂಢಿಯಲ್ಲಿ ಅಬಲೂರು. ಅಂದು ಧಾರವಾಡ ಜಿಲ್ಲೆಗೆ ಸೇರಿತ್ತು, 1997ರಿಂದ ಹಾವೇರಿ ಜಿಲ್ಲೆಯಲ್ಲಿದೆ. ಏಕಾಂತದ ರಾಮಯ್ಯನ ಅಬ್ಬಲೂರೂ ಸರ್ವಜ್ಞನ ಅಬಲೂರೂ ಒಂದೇ ಎಂದು ಯಾರಾದರೂ ಬರೆದು ಜೋಡಿಸದಿದ್ದರೆ ಯಂತ್ರಕ್ಕೆ ಅದು ಹೊಳೆಯುವುದು ಕಷ್ಟ. ಊರಿನ ಚರಿತ್ರೆ ಚೂರುಚೂರಾಗಿ ಬೇರೆ ಬೇರೆ ಕಡೆ ಉಳಿದುಬಿಡುತ್ತದೆ.

ಮಾಹಿತಿ ತೆಳುವಾಗಿರುವಲ್ಲಿ ಏನಾಗುತ್ತದೆ ಎಂಬುದನ್ನು 2021ರ ಜೂನ್‌ನಲ್ಲಿ ಇಡೀ ನಾಡೇ ಕಂಡಿತು. ಭಾರತದ ಅತ್ಯಂತ ಕೊಳಕು ಭಾಷೆ ಯಾವುದು ಎಂದು ಇಂಗ್ಲಿಷಿನಲ್ಲಿ ಕೇಳಿದರೆ ಗೂಗಲ್‌ನ ಚೌಕದೊಳಗೆ ಕನ್ನಡದ ಹೆಸರು ಬರುತ್ತಿತ್ತು. ಯಾವುದೋ ಜಾಲತಾಣದ ಸಾಲೊಂದನ್ನು ಯಂತ್ರ ಎತ್ತಿ ಉತ್ತರದ ಪೀಠದಲ್ಲಿ ಕೂರಿಸಿತ್ತು. ಜನ ಸಿಡಿದೆದ್ದರು, ರಾಜ್ಯ ಸರ್ಕಾರ ಕಾನೂನು ಕ್ರಮದ ಮಾತಾಡಿತು, ಗೂಗಲ್ ಉತ್ತರವನ್ನು ತೆಗೆದು ಕ್ಷಮೆ ಕೇಳಿತು. ಆ ಸಿಟ್ಟು ನ್ಯಾಯವಾದದ್ದೇ. ಆದರೆ ಸಿಟ್ಟು ಒಂದು ಉತ್ತರವನ್ನು ಅಳಿಸಬಹುದೇ ಹೊರತು ಅದರ ಜಾಗದಲ್ಲಿ ಸರಿಯಾದುದನ್ನು ತುಂಬಲಾರದು.

ಮಾಡಬೇಕಾದ ಕೆಲಸ

ತುಂಬುವ ದಾರಿಗಳು ತೆರೆದೇ ಇವೆ. ಕನ್ನಡ ವಿಕಿಪೀಡಿಯ 2003ರಿಂದ ಇದೆ. 2012ರಲ್ಲಿ ಶುರುವಾದ ವಿಕಿಡೇಟಾದಲ್ಲಿ ಒಂದೊಂದು ವಿಷಯಕ್ಕೂ ಒಂದು ಗುರುತು ಸಂಖ್ಯೆ ಇರುತ್ತದೆ, ಅದರಡಿಯಲ್ಲಿ ಎಲ್ಲ ಭಾಷೆಯ ಹೆಸರು, ಎಲ್ಲ ಕಾಗುಣಿತಗಳನ್ನೂ ಸೇರಿಸಬಹುದು. ಸರ್ವಜ್ಞನ ಹುಟ್ಟೂರಿನ ಜಾಗದಲ್ಲಿ ಅಬಲೂರು, ಮಾಸೂರು ಎರಡನ್ನೂ ಆಯಾ ಆಧಾರದ ಸಮೇತ ನಮೂದಿಸುವುದಕ್ಕೂ ಅಲ್ಲಿ ಅವಕಾಶವಿದೆ. ನಮ್ಮ ಪರಂಪರೆ ಎರಡು ಉತ್ತರ ಇಟ್ಟುಕೊಂಡಿರುವಾಗ ಯಂತ್ರಕ್ಕೂ ಎರಡನ್ನೇ ಕೊಡಬೇಕು.

ಇನ್ನೊಂದು ತುರ್ತು ಕೆಲಸ ಹಳೆಯ ಫಾಂಟುಗಳದ್ದು. ಯೂನಿಕೋಡ್ ಬಳಕೆಗೆ ಬರುವ ಮುಂಚೆ ನುಡಿ, ಬರಹದಂಥ ತಂತ್ರಾಂಶಗಳಲ್ಲಿ ಕೀಲಿಸಿದ ಸ್ಮರಣ ಸಂಚಿಕೆ, ಸಂಶೋಧನ ಪ್ರಬಂಧ, ತಾಲ್ಲೂಕು ದರ್ಶನಗಳು ಎಷ್ಟೋ ಕಂಪ್ಯೂಟರುಗಳಲ್ಲಿ ಬಿದ್ದಿವೆ. ನಮ್ಮ ಕಣ್ಣಿಗೆ ಅದು ಅಚ್ಚ ಕನ್ನಡ, ಯಂತ್ರದೊಳಗೆ ಮಾತ್ರ ತಲೆಬುಡವಿಲ್ಲದ ಲ್ಯಾಟಿನ್ ಅಕ್ಷರಗಳ ಸಾಲು. ಯೂನಿಕೋಡಿಗೆ ಪರಿವರ್ತಿಸಿ ಹಾಕುವವರೆಗೆ ಅವು ಹುಡುಕಾಟಕ್ಕೆ ದಕ್ಕುವುದಿಲ್ಲ. ಶರಣರ ವಚನಗಳನ್ನು ಯೂನಿಕೋಡಿನಲ್ಲಿ ತಂದು ಪದ ಪದವನ್ನೂ ಹುಡುಕಿ ನೋಡುವಂತೆ ಮಾಡಿದ ‘ವಚನ ಸಂಚಯ’ ಇದು ಆಗುವ ಕೆಲಸವೆಂದು ತೋರಿಸಿಕೊಟ್ಟಿದೆ. 1924ರಲ್ಲಿ ಉತ್ತಂಗಿ ಚನ್ನಪ್ಪನವರು ನಾಡಿನಲ್ಲೆಲ್ಲ ಚದುರಿಹೋಗಿದ್ದ ಸರ್ವಜ್ಞನ ತ್ರಿಪದಿಗಳನ್ನು ಕಲೆಹಾಕಿ ಪ್ರಕಟಿಸಿದ್ದರಿಂದಲೇ ಇಂದು ಅವನು ನಮ್ಮ ಕೈಲಿದ್ದಾನೆ. ಅವರ ಕಾಲಕ್ಕೆ ಮುದ್ರಣ ಏನಾಗಿತ್ತೋ ನಮ್ಮ ಕಾಲಕ್ಕೆ ಯೂನಿಕೋಡ್ ಅದೇ.

ಈ ಕೆಲಸಕ್ಕೆ ಬೇಕಾದವರು ಹಾವೇರಿ ಜಿಲ್ಲೆಯಲ್ಲೇ ಇದ್ದಾರೆ. ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ. ಹಾನಗಲ್ಲ, ಸವಣೂರು, ಹಿರೇಕೆರೂರಿನಲ್ಲಿ ಕಾಲೇಜುಗಳಿವೆ, ಊರ ಚರಿತ್ರೆ ಬಲ್ಲ ನಿವೃತ್ತ ಮೇಷ್ಟ್ರುಗಳಿದ್ದಾರೆ. ಒಂದೊಂದು ಕಾಲೇಜು ತನ್ನ ಸುತ್ತಲಿನ ಹತ್ತು ಊರುಗಳ ಗುಡಿ, ಶಾಸನ, ಕೆರೆ, ಕವಿಗಳ ವಿವರವನ್ನು ಆಧಾರ ಸಮೇತ ಕನ್ನಡದಲ್ಲಿ ದಾಖಲಿಸಲಿ. ಅದಕ್ಕೆ ವಿದ್ಯಾರ್ಥಿಗಳಿಗೆ ಅಂಕವೂ ಸಿಗಲಿ. ಯಂತ್ರ ನಮ್ಮ ಬಗ್ಗೆ ಹೇಳುವ ಮಾತು ನಾವು ಬರೆದದ್ದರಿಂದಲೇ ಹುಟ್ಟಬೇಕು. ನಾವು ಬರೆಯದಿದ್ದರೆ ಬೇರೆ ಯಾರೋ ಬರೆದದ್ದೇ ನಮ್ಮ ಮಕ್ಕಳಿಗೆ ಪಾಠವಾಗುತ್ತದೆ.