ಸೇವೆಗೆ ಹೊರಟ ಮಕ್ಕಳು ಏನನ್ನು ಹೊತ್ತೊಯ್ಯುತ್ತಾರೆ?

ಡಿಗ್ರಿ ಓದುವ ಮಗಳು ಒಂದು ಸಂಜೆ ಬಂದು, "ರಜೆಯಲ್ಲಿ ನಾಲ್ಕು ವಾರ ನೇಪಾಳಕ್ಕೆ ಹೋಗ್ತೀನಿ ಅಮ್ಮೀ, ಅಲ್ಲಿ ಹಳ್ಳಿ ಆಸ್ಪತ್ರೆಯಲ್ಲಿ ಸೇವೆ ಮಾಡೋಕೆ" ಎಂದರೆ ನೀವು ಏನೇನು ಕೇಳುತ್ತೀರಿ? ಖರ್ಚೆಷ್ಟು, ಜೊತೆಗೆ ಯಾರಿದ್ದಾರೆ, ಹಲಾಲ್ ಊಟ ಸಿಗುತ್ತದೆಯೇ, ರಾತ್ರಿ ಉಳಿಯುವುದು ಎಲ್ಲಿ? ಎಲ್ಲವೂ ಕೇಳಬೇಕಾದ ಪ್ರಶ್ನೆಗಳೇ. ನನ್ನ ಕ್ಲಿನಿಕ್ಕಿಗೆ ಬರುವ ತಂದೆ ತಾಯಿಯರು ಇನ್ನೊಂದನ್ನೂ ಸೇರಿಸುತ್ತಾರೆ: "ಅಲ್ಲಿ ಏನೂ ಕಾಯಿಲೆ ಅಂಟದ ಹಾಗೆ ಏನಾದರೂ ಕೊಡಿ ಹಕೀಮ್ ಸಾಬ್." ಆದರೆ ನಮ್ಮ ಮಕ್ಕಳಿಂದ ಅಲ್ಲಿನವರಿಗೆ ಏನು ಅಂಟೀತು ಎಂದು ಯಾರೂ ಕೇಳುವುದಿಲ್ಲ. ಇಂದು ಅಲ್ಲಿಂದಲೇ ಆರಂಭಿಸೋಣ.

2010ರ ಜನವರಿಯಲ್ಲಿ ಹೈಟಿ ಎಂಬ ಬಡ ದೇಶದಲ್ಲಿ ಭೀಕರ ಭೂಕಂಪವಾಯಿತು. ಜಗತ್ತಿನ ಮೂಲೆ ಮೂಲೆಗಳಿಂದ ನೆರವಿನವರು ಧಾವಿಸಿದರು. ಅದೇ ವರ್ಷ ಅಕ್ಟೋಬರಿನಲ್ಲಿ ಅಲ್ಲಿ ಕಾಲರಾ ಕಾಣಿಸಿಕೊಂಡಿತು. ಆ ದೇಶದಲ್ಲಿ ಅದುವರೆಗೆ ಇಲ್ಲದ ಕಾಯಿಲೆ. ಮೂಲ ಹುಡುಕಿದಾಗ ಸಿಕ್ಕಿದ್ದು ವಿಶ್ವಸಂಸ್ಥೆಯ ಶಾಂತಿಪಾಲಕರ ಒಂದು ಶಿಬಿರ. ಕಾಲರಾ ಇದ್ದ ನಾಡಿನಿಂದ ಬಂದವರು ಅಲ್ಲಿದ್ದರು, ಶಿಬಿರದ ಶೌಚದ ನೀರು ಹೊಳೆ ಸೇರುತ್ತಿತ್ತು. ಎಂಟು ಲಕ್ಷ ಜನ ಕಾಯಿಲೆ ಬಿದ್ದರು, ಸುಮಾರು 10,000 ಜನ ತೀರಿಕೊಂಡರು. 2016ರಲ್ಲಿ ವಿಶ್ವಸಂಸ್ಥೆಯ ಮಹಾ ಕಾರ್ಯದರ್ಶಿ ಬಾನ್ ಕಿ ಮೂನ್ ಹೈಟಿಯ ಜನರ ಕ್ಷಮೆ ಕೇಳಿದರು. ಬಂದವರ ಉದ್ದೇಶದಲ್ಲಿ ಕೇಡೇನೂ ಇರಲಿಲ್ಲ. ಆದರೆ ಕಾಯಿಲೆ ನಿಮ್ಮ ನಿಯ್ಯತ್ತು ನೋಡಿ ಹರಡುವುದಿಲ್ಲ.

ಮೈಸೂರಿನವರಾದ ನಮಗೆ ಇದು ಬೇಗ ಅರ್ಥವಾಗಬೇಕು. ಏಕೆಂದರೆ ಇಂಥ ಪ್ರವಾಸದ ಎರಡೂ ತುದಿಗಳನ್ನು ನಮ್ಮ ಊರು ನೋಡಿದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ತಮ್ಮ ಬೇಸಿಗೆ ರಜೆಯಲ್ಲಿ 'ಮೈಸೂರು-ಕಬಿನಿ' ಹೆಸರಿನ ಕಾರ್ಯಕ್ರಮಕ್ಕೆ ಇಲ್ಲಿಗೆ ಬಂದಿದ್ದಾರೆ. ಅವರ ಲೆಕ್ಕದಲ್ಲಿ ಬಡ ದೇಶ ನಮ್ಮದೇ! ಇಲ್ಲಿ ಅವರನ್ನು ಬರಮಾಡಿಕೊಂಡದ್ದು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್. ಆ ಸಂಸ್ಥೆಯೂ ವಿದ್ಯಾರ್ಥಿಗಳೇ ಕಟ್ಟಿದ್ದು. 1984ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನಲ್ಲಿ ಓದುತ್ತಿದ್ದ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು ಬಡ ರೋಗಿಗಳಿಗೆ ಔಷಧ ಒದಗಿಸುವ, ರಕ್ತದಾನ ಮಾಡಿಸುವ ಕೆಲಸದಿಂದ ಶುರು ಮಾಡಿದರು. ಓದು ಮುಗಿದ ಮೇಲೆ 1987ರ ಹೊತ್ತಿಗೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಬ್ರಹ್ಮಗಿರಿಗೆ ಹೋಗಿ ನೆಲೆ ನಿಂತರು. ಅಣೆಕಟ್ಟು ಮತ್ತು ಅಭಯಾರಣ್ಯಗಳಿಂದಾಗಿ ಕಾಡಿನ ನೆಲೆ ಕಳೆದುಕೊಂಡ ಜೇನುಕುರುಬರು, ಕಾಡುಕುರುಬರು, ಯರವರು ಇರುವ ಸೀಮೆ ಅದು. ಮುಂದೆ ಕೆಂಚನಹಳ್ಳಿ, ಸರಗೂರುಗಳಲ್ಲಿ ಆಸ್ಪತ್ರೆಗಳಾದವು.

ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. ಆ ವೈದ್ಯರು ಹಾಡಿಗಳ ಹತ್ತಿರವೇ ಉಳಿದರು. ಇವತ್ತು ಕೊಟ್ಟ ಔಷಧ ಕೆಲಸ ಮಾಡಿತೋ ಇಲ್ಲವೋ ಎಂದು ಮುಂದಿನ ವಾರ ನೋಡುವವರು ಅಲ್ಲೇ ಇದ್ದರು. ನಾಲ್ಕು ವಾರಕ್ಕೆಂದು ಹೋಗುವ ವಿದ್ಯಾರ್ಥಿಗೆ ಆ ಅವಕಾಶವಿಲ್ಲ. ಹಾಗಾಗಿ ಹೋಗಲೇಬಾರದು ಎಂದು ನಾನು ಹೇಳುವುದಿಲ್ಲ. ಅಲ್ಲೇ ಉಳಿದು ಕೆಲಸ ಮಾಡುವವರ ಕೈಕೆಳಗೆ ಹೋಗಬೇಕು, ಅವರು ಹೇಳಿದ್ದನ್ನು ಮಾಡಬೇಕು. ಕರೆದೊಯ್ಯುವ ಸಂಸ್ಥೆಯನ್ನು ನೇರವಾಗಿ ಕೇಳಿ: ನೀವು ವಾಪಸು ಬಂದ ಮಾರನೇ ದಿನ ಆ ರೋಗಿಗಳನ್ನು ನೋಡುವವರು ಯಾರು? ಉತ್ತರ ತಡವರಿಸಿದರೆ ದುಡ್ಡು ಕಟ್ಟಬೇಡಿ.

ಎರಡನೆಯದಾಗಿ, ಮಗಳು ಅಲ್ಲಿ ತನ್ನ ಕೈಯಿಂದ ಏನು ಮಾಡುತ್ತಾಳೆ? ಕೆಲವು ಪ್ರವಾಸಗಳ ಜಾಹೀರಾತಿನಲ್ಲಿ ಹೆರಿಗೆ ನೋಡಬಹುದು, ಹೊಲಿಗೆ ಹಾಕಬಹುದು, ಇಂಜೆಕ್ಷನ್ ಕೊಡಬಹುದು ಎಂದು ಆಸೆ ತೋರಿಸುತ್ತಾರೆ. ನನಗಂತೂ ಇದನ್ನು ಓದಿದರೆ ಸಿಟ್ಟು ಬರುತ್ತದೆ. ಮೊದಲ ವರ್ಷದ ವಿದ್ಯಾರ್ಥಿನಿ ನಿಮ್ಮ ತಾಯಿಯ ಕೈಗೆ ಸೂಜಿ ಚುಚ್ಚಲು ಬಂದರೆ ನೀವು ಬಿಡುತ್ತೀರಾ? ಮೈಸೂರಿನಲ್ಲಿ ಮಾಡಬಾರದ ಕೆಲಸ ನೇಪಾಳದಲ್ಲಿಯೂ ಮಾಡಬಾರದ್ದೇ, ಕೋಟೆಯ ಹಾಡಿಯಲ್ಲಿಯೂ ಅಷ್ಟೇ. ಬಡವರ ಮೈ ಕಲಿಕೆಯ ಹಲಗೆಯಲ್ಲ. ಕೈ ತೊಳೆಯುವುದನ್ನು ಮಕ್ಕಳಿಗೆ ಹೇಳಿಕೊಡುವುದು, ಚೀಟಿ ಬರೆಯುವುದು, ರೋಗಿಗಳನ್ನು ಸಾಲಿನಲ್ಲಿ ಕೂರಿಸುವುದು, ಲೆಕ್ಕ ಇಡುವುದು, ಇಂಥ ಕೆಲಸಗಳು ಬೇಕಾದಷ್ಟಿರುತ್ತವೆ. ಅವೂ ಖಿದ್ಮತ್ತೇ.

ಔಷಧದ ಚೀಲದ ಮಾತೂ ಇದೇ. ಮನೆಯಲ್ಲಿ ಉಳಿದ ಆಂಟಿಬಯೋಟಿಕ್, ಅರ್ಧ ಬಾಟಲಿ ಸಿರಪ್, ಅಂಗಡಿಯವರು ಪುಕ್ಕಟೆ ಕೊಟ್ಟ ಮಾತ್ರೆಗಳನ್ನು ಕಟ್ಟಿ ಕಳುಹಿಸಬೇಡಿ. ದಾನದ ಔಷಧ ತಲುಪುವಾಗ ಅದರ ಅವಧಿ ಮುಗಿಯಲು ಕನಿಷ್ಠ ಒಂದು ವರ್ಷ ಬಾಕಿಯಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆ. ಬಿ.ಪಿ. ಇದೆ ಎಂದು ಹತ್ತು ದಿನದ ಮಾತ್ರೆ ಕೊಟ್ಟು ಬಂದರೆ ಹನ್ನೊಂದನೇ ದಿನ ಆ ಅಜ್ಜಿ ಏನು ಮಾಡಬೇಕು?

ಈಗ ಚುಚ್ಚುಮದ್ದು. ಹಜ್‌ಗೆ ಹೋಗುವ ಮುಂಚೆ ಮೆನಿಂಜೈಟಿಸ್ ಲಸಿಕೆ ಹಾಕಿಸಿಕೊಳ್ಳುವುದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಅದು ಯಾತ್ರಿಯನ್ನು ಕಾಯುತ್ತದೆ, ಪಕ್ಕದಲ್ಲಿ ನಿಂತವರನ್ನೂ ಕಾಯುತ್ತದೆ. ಇದೂ ಹಾಗೆಯೇ. ದಡಾರದ ಎರಡು ಡೋಸ್ ಆಗಿದೆಯೇ ಎಂದು ಹಳೆಯ ತಾಯಿ ಕಾರ್ಡ್ ತೆಗೆದು ನೋಡಿ. ದಡಾರ ಬಂದವರು ಮೈಮೇಲೆ ದದ್ದು ಏಳುವ 4 ದಿನ ಮೊದಲೇ ಅದನ್ನು ಹರಡುತ್ತಿರುತ್ತಾರೆ. ಬರಿಯ ನೆಗಡಿ ಎಂದುಕೊಂಡು ಹೋದ ಹುಡುಗಿ ಅರೆಹೊಟ್ಟೆಯ ಮಕ್ಕಳ ನಡುವೆ ಕೂತರೆ ಆಗುವ ಅನಾಹುತ ಊಹಿಸಿಕೊಳ್ಳಿ. ವಾರಗಟ್ಟಲೆ ಕೆಮ್ಮು ಇದ್ದರೆ ಮೊದಲು ಕಫ ಪರೀಕ್ಷೆ, ಆಮೇಲೆ ಟಿಕೆಟ್. ಟೆಟನಸ್ ಬೂಸ್ಟರ್, ಟೈಫಾಯ್ಡ್, ಹೆಪಟೈಟಿಸ್ ಎ ಲಸಿಕೆಗಳ ಬಗ್ಗೆ ಒಂದೂವರೆ ತಿಂಗಳು ಮುಂಚೆಯೇ ವೈದ್ಯರನ್ನು ಕೇಳಿ. ಆಫ್ರಿಕಾದ ಹಲವು ದೇಶಗಳಿಗೆ ಹಳದಿ ಜ್ವರದ ಲಸಿಕೆ ಬೇಕು. ಅದನ್ನು ಸರ್ಕಾರ ಗೊತ್ತುಪಡಿಸಿದ ಕೇಂದ್ರಗಳಲ್ಲಷ್ಟೇ ಹಾಕುತ್ತಾರೆ, ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲು ಆಗಬೇಕು. ಆ ಪ್ರಮಾಣಪತ್ರ 2016ರಿಂದ ಜೀವಮಾನಕ್ಕೆಲ್ಲ ಸಲ್ಲುತ್ತದೆ. ಅದಿಲ್ಲದೆ ಆ ದೇಶಗಳಿಂದ ಮರಳಿದರೆ ನಮ್ಮ ವಿಮಾನ ನಿಲ್ದಾಣದಲ್ಲಿ 6 ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು.

"ಇದಕ್ಕೆಲ್ಲ ಯುನಾನಿಯಲ್ಲಿ ಬದಲಿ ಔಷಧ ಇಲ್ಲವೇ?" ಎಂದು ಕೇಳುವವರಿದ್ದಾರೆ. ಇಲ್ಲ. ಯುನಾನಿ ಓದಿದ ನಾನೇ ಹೇಳುತ್ತಿದ್ದೇನೆ, ಲಸಿಕೆಗಾಗಲಿ ಮಲೇರಿಯಾ ತಡೆಯುವ ಮಾತ್ರೆಗಾಗಲಿ ನಮ್ಮ ಮಾಜೂನ್, ಶರಬತ್ತುಗಳು ಬದಲಿಯಲ್ಲ. ಆದರೆ ನಮ್ಮ ಹಿರಿಯರು ಪ್ರಯಾಣಿಕರ ವಿಷಯ ಮರೆತಿರಲಿಲ್ಲ. ಇಬ್ನ್ ಸೀನಾ ತನ್ನ 'ಅಲ್ ಖಾನೂನ್' ಗ್ರಂಥದಲ್ಲಿ ಪ್ರಯಾಣಿಕರ ಪಥ್ಯಕ್ಕೆಂದೇ ಜಾಗ ಕೊಟ್ಟಿದ್ದಾನೆ. ಊರೂರಿಗೆ ನೀರು ಬದಲಾಗುವುದರಿಂದ ಆಗುವ ತೊಂದರೆಯನ್ನು ಹೇಳಿ, ನೀರನ್ನು ಕುದಿಸಿ, ಸೋಸಿ ಬಳಸಲು ಸೂಚಿಸಿದ್ದಾನೆ. ಸಾವಿರ ವರ್ಷದ ನಂತರವೂ ಅದೇ ಸರಿ. ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಬಿಡಬೇಕು. ನೇಪಾಳದ ಬೆಟ್ಟಗಳಲ್ಲಿ 2,000 ಮೀಟರಿಗಿಂತ ಎತ್ತರದಲ್ಲಿದ್ದರೆ ಮೂರು ನಿಮಿಷ, ಏಕೆಂದರೆ ಅಲ್ಲಿ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ. ಭೇದಿಯಾದರೆ ಓ.ಆರ್.ಎಸ್. ಪೊಟ್ಟಣ. ಅದಿಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಸಮತಟ್ಟು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಅಂದಾಜಿನ ಮೇಲೆ ಹಾಕಬೇಡಿ.

ದೇಶ ದಾಟದೆ ಕೋಟೆ, ಬಂಡೀಪುರದ ಅಂಚಿನ ಶಿಬಿರಗಳಿಗೆ ಹೋಗುವ ಮಕ್ಕಳಿಗೂ ಒಂದು ಮಾತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯಲ್ಲಿ ಗುರುತಾದ ಮಂಗನ ಕಾಯಿಲೆ 2012ರಲ್ಲಿ ಬಂಡೀಪುರದ ಕಡೆಯೂ ಕಾಣಿಸಿಕೊಂಡಿತ್ತು. ಕಾಡಿನಲ್ಲಿ ಉದ್ದ ಕಾಲುಚೀಲ ಇರಲಿ. ಸಂಜೆ ಸ್ನಾನಕ್ಕೆ ಮುಂಚೆ ಕಂಕುಳು, ತೊಡೆಸಂದು, ಕಿವಿಯ ಹಿಂದೆ ಉಣ್ಣೆ ಕಚ್ಚಿದೆಯೇ ನೋಡಿಕೊಳ್ಳಲಿ.

ಮರಳಿ ಬಂದ ಮೇಲೂ ಮೂರು ತಿಂಗಳು ನಿಗಾ ಬೇಕು. ಆಫ್ರಿಕಾದಿಂದ ಬಂದವರಿಗೆ ಈ ಅವಧಿಯಲ್ಲಿ ಜ್ವರ ಬಂದರೆ ಕಷಾಯ ಕುಡಿಸುತ್ತಾ, ಪ್ಯಾರಾಸಿಟಮಾಲ್ ನುಂಗಿಸುತ್ತಾ ಮೂರು ದಿನ ಕಾಯಬೇಡಿ. ಅಲ್ಲಿನ ಫಾಲ್ಸಿಪಾರಂ ಮಲೇರಿಯಾ ಒಂದೆರಡು ದಿನದಲ್ಲೇ ಮೆದುಳಿಗೆ ಏರಬಲ್ಲದು. ಅದೇ ದಿನ ಆಸ್ಪತ್ರೆಗೆ ಹೋಗಿ ಮಲೇರಿಯಾ ರಕ್ತಪರೀಕ್ಷೆ ಮಾಡಿಸಿ. ಯಾವ ದೇಶದಲ್ಲಿದ್ದಳು, ಎಂದು ಬಂದಳು ಎಂಬುದನ್ನು ವೈದ್ಯರು ಕೇಳುವ ಮುಂಚೆ ನೀವೇ ಹೇಳಿ.